ಯಾವ ಕಾಲಂನಲ್ಲೂ ಹಿಡಿಸದ ಕೆಲಸ

ಏಪ್ರಿಲ್ ಬಂತೆಂದರೆ ಪುಣೆಯ ಹಿಂಜವಡಿಯಲ್ಲಿ ಬಿಸಿಲಿನ ಜತೆ ಅಪ್ರೈಸಲ್ ಕಾವೂ ಏರುತ್ತದೆ. ವರ್ಷವಿಡೀ ಏನು ಮಾಡಿದೆ ಎಂದು ಒಂದು ಫಾರ್ಮ್ ತುಂಬಬೇಕು. ಎಷ್ಟು ಪ್ರಾಜೆಕ್ಟ್ ಮುಗಿಸಿದೆ, ಎಷ್ಟು ಸರ್ಟಿಫಿಕೇಟ್ ಪಡೆದೆ, ಎಷ್ಟು ಗಂಟೆ ತರಬೇತಿ ಪಡೆದೆ ಎಂದೆಲ್ಲ ಅದು ಕೇಳುತ್ತದೆ. ನೀನು ಬರೆದದ್ದನ್ನು ಬೇರೆ ಯಾರಾದರೂ ಬಳಸಿದರೇ ಎಂದು ಮಾತ್ರ ಕೇಳುವುದಿಲ್ಲ. ಈ ವರ್ಷ ಅದನ್ನು ತುಂಬುತ್ತ ಕುಳಿತಿದ್ದಾಗಲೇ ಊರ ಕಡೆಯ ಗೆಳೆಯನ ಫೋನ್ ಬಂತು. "ಸರ್ ರಿಟೈರ್ ಆಗಾಕತ್ಯಾರ. ಶನಿವಾರ ಕಾರ್ಯಕ್ರಮ ಐತಿ, ಬಾ."

ಸರ್ ಎಂದರೆ ಎಂ.ಟೆಕ್‌ನಲ್ಲಿ ನನಗೆ ಗೈಡ್ ಆಗಿದ್ದವರು. ಶುಕ್ರವಾರ ರಾತ್ರಿ ಬಸ್ಸು ಹತ್ತಿದೆ. ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟಿ ಬೆಳಗಿನ ಹೊತ್ತಿಗೆ ನಮ್ಮ ಕಡೆಯ ಗಾಳಿ ಮುಖಕ್ಕೆ ಬಡಿಯಿತು. ಕಾರ್ಯಕ್ರಮ ಚೆನ್ನಾಗಿಯೇ ನಡೆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಇದ್ದವು. ಸರ್ ಅವರ ಪರಿಚಯವನ್ನು ಯಾರೋ ಓದಿದರು. ಇಷ್ಟು ಪ್ರಬಂಧ, ಇಷ್ಟು ಸಮ್ಮೇಳನ, ಇಷ್ಟು ಸಮಿತಿಗಳ ಸದಸ್ಯತ್ವ. ಎಲ್ಲ ಸೇರಿ ಮೂರು ನಿಮಿಷ. ಚಪ್ಪಾಳೆ ಬಿತ್ತು.

ಆ ಮೂರು ನಿಮಿಷದಲ್ಲಿ ಒಂದು ವಿಷಯ ಬರಲೇ ಇಲ್ಲ. ಸರ್ ಒಂದು ಕೋಡ್ ಬರೆದಿದ್ದರು. ಅದನ್ನು ಹದಿನಾಲ್ಕು ಬ್ಯಾಚಿನ ವಿದ್ಯಾರ್ಥಿಗಳು ಬಳಸಿದ್ದೆವು. ನಾನಿಂದು ತಿನ್ನುವ ಅನ್ನದ ಮೊದಲ ಪಾಠ ಕಲಿತದ್ದು ಆ ಕೋಡಿನಿಂದ. ಸಭೆಯಲ್ಲಿ ನನಗೂ ಎರಡು ಮಾತು ಹೇಳಲು ಕರೆದರು. "ಸರ್ ಬಹಳ ಒಳ್ಳೆಯವರು" ಎಂದು ಏನೋ ಹೇಳಿ ಇಳಿದುಬಂದೆ. ನಾನೂ ಅದನ್ನು ಹೇಳಲಿಲ್ಲ. ಆ ನಾಚಿಕೆಯೇ ಈ ಬರಹಕ್ಕೆ ಕಾರಣ.

ಆ ಕೋಡ್ ಪ್ಲಾಸ್ಮಾದ ಕುರಿತದ್ದು. ಅನಿಲವನ್ನು ತುಂಬ ಕಾಯಿಸಿದರೆ, ಇಲ್ಲವೇ ಅದರೊಳಗೆ ವಿದ್ಯುತ್ ಹರಿಸಿದರೆ, ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಳ್ಳುತ್ತವೆ. ಹಾಗೆ ಉಳಿದ ಎಲೆಕ್ಟ್ರಾನು, ಅಯಾನುಗಳ ಸಂತೆಯೇ ಪ್ಲಾಸ್ಮಾ. ಸೂರ್ಯನಲ್ಲಿರುವುದು ಅದೇ, ಮಿಂಚಿನಲ್ಲಿರುವುದೂ ಅದೇ. ನಿಮ್ಮ ಮೊಬೈಲಿನ ಚಿಪ್‌ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳನ್ನು ಕೊರೆಯುವುದೂ ಪ್ಲಾಸ್ಮಾವೇ. ಅದನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡುವ ವಿದ್ಯೆ ಕಲಿಯಲು ಸರ್ ನಮ್ಮ ಕೈಗೆ ಒಂದು ಪುಸ್ತಕ ಕೊಟ್ಟಿದ್ದರು. ಪುಟಗಳ ಅಂಚು ಸವೆದ ಜೆರಾಕ್ಸ್ ಪ್ರತಿ. 'ಪ್ಲಾಸ್ಮಾ ಫಿಸಿಕ್ಸ್ ವಯಾ ಕಂಪ್ಯೂಟರ್ ಸಿಮ್ಯುಲೇಶನ್', 1985ರದ್ದು. ಬರೆದವರು ಚಾರ್ಲ್ಸ್ ಬರ್ಡ್‌ಸಾಲ್ ಮತ್ತು ಬ್ರೂಸ್ ಲ್ಯಾಂಗ್ಡನ್.

ಬರ್ಡ್‌ಸಾಲ್ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದವರು. 2012ರ ಮಾರ್ಚ್‌ನಲ್ಲಿ ತೀರಿಕೊಂಡರು. ಆಗ ನಾನು ಕೊನೆಯ ಸೆಮಿಸ್ಟರ್‌ನಲ್ಲಿದ್ದೆ. ಸುದ್ದಿ ತಿಳಿದ ದಿನ ಸರ್ ಲ್ಯಾಬಿಗೆ ಬಂದು, ಆ ಜೆರಾಕ್ಸ್ ಪ್ರತಿಯ ಮೇಲೆ ಕೈಯಿಟ್ಟು, "ಇದನ್ನ ಬರದವರು ಹೋದ್ರು" ಎಂದಷ್ಟೇ ಹೇಳಿ ಹೋದರು. ಅವರಿಬ್ಬರೂ ಎಂದೂ ಭೇಟಿಯಾದವರಲ್ಲ.

ಬರ್ಡ್‌ಸಾಲ್ ಅವರ ವೃತ್ತಿಬದುಕು ಶುರುವಾದದ್ದು ಕಾಲೇಜಿನಲ್ಲಿ ಅಲ್ಲ, ಕಾರ್ಖಾನೆಯ ಲ್ಯಾಬಿನಲ್ಲಿ. 1951ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಪಿಎಚ್‌.ಡಿ. ಪಡೆದ ಮೇಲೆ ಮೊದಲು ಹ್ಯೂಸ್ ಏರ್‌ಕ್ರಾಫ್ಟ್, ನಂತರ ಜನರಲ್ ಎಲೆಕ್ಟ್ರಿಕ್. ರೇಡಾರ್ ಮುಂತಾದವಕ್ಕೆ ಬೇಕಾದ ಮೈಕ್ರೋವೇವ್ ಟ್ಯೂಬುಗಳು ಅವರ ಕೆಲಸ. ನಿರ್ವಾತದಲ್ಲಿ ಎಲೆಕ್ಟ್ರಾನುಗಳ ಧಾರೆ ಹರಿಸಿ ಸಂಕೇತವನ್ನು ಬಲಗೊಳಿಸುವ ಸಾಧನಗಳವು. 1959ರಲ್ಲಿ ಬರ್ಕ್ಲಿಗೆ ಬಂದಾಗ ಅವರ ಜತೆ ಬಂದದ್ದು ಎಂಜಿನಿಯರನ ಒಂದು ಹಟ: ಸಮೀಕರಣ ಹೇಳಿದ್ದು ಸಾಲದು, ಎಲೆಕ್ಟ್ರಾನು ನಿಜಕ್ಕೂ ಏನು ಮಾಡುತ್ತದೆ ನೋಡಬೇಕು.

ಆ ಹಟದ ಮೊದಲ ಫಲ 1961ರಲ್ಲಿ ಬಂತು. ಡಯೋಡಿನೊಳಗೆ ಮಿತಿ ಮೀರಿ ಎಲೆಕ್ಟ್ರಾನು ನುಗ್ಗಿಸಿದರೆ ಏನಾಗುತ್ತದೆ? ಅಲ್ಲಿಯವರೆಗಿನ ಲೆಕ್ಕಗಳು ಎಲ್ಲವೂ ಒಂದು ಸ್ಥಿತಿಗೆ ಬಂದು ನಿಲ್ಲುತ್ತದೆ ಎಂದುಕೊಂಡು ಆ ನಿಂತ ಸ್ಥಿತಿಯನ್ನೇ ಹುಡುಕುತ್ತಿದ್ದವು. ಬರ್ಡ್‌ಸಾಲ್ ಮತ್ತು ಅವರ ವಿದ್ಯಾರ್ಥಿ ವಿಲಿಯಂ ಬ್ರಿಜಸ್ ಎಲೆಕ್ಟ್ರಾನುಗಳನ್ನು ಕಂಪ್ಯೂಟರಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ನಡೆಸಿ ನೋಡಿದರು. ಅದು ನಿಲ್ಲಲೇ ಇಲ್ಲ, ತೂಗಾಡುತ್ತಲೇ ಇತ್ತು. ಸ್ವಾರ್‌ಗೇಟ್ ಸ್ಟ್ಯಾಂಡಿನಲ್ಲಿ ಹಬ್ಬದ ಹಿಂದಿನ ದಿನ ಬಸ್ಸಿನ ಬಾಗಿಲು ನೋಡಿದವರಿಗೆ ಇದು ತಿಳಿಯುತ್ತದೆ. ಮುಂದಿದ್ದವರು ಬಾಗಿಲಲ್ಲಿ ಗಂಟು ಬೀಳುತ್ತಾರೆ, ಹಿಂದಿನವರನ್ನು ವಾಪಸ್ ತಳ್ಳುತ್ತಾರೆ, ಗಂಟು ಸಡಿಲಾಗುತ್ತದೆ, ಮತ್ತೆ ನುಗ್ಗುತ್ತಾರೆ, ಮತ್ತೆ ಗಂಟು. ಬ್ರಿಜಸ್ ಮುಂದೆ ಹ್ಯೂಸ್ ಲ್ಯಾಬಿನಲ್ಲಿ 1964ರಲ್ಲಿ ಆರ್ಗಾನ್ ಅಯಾನ್ ಲೇಸರ್ ಕಂಡುಹಿಡಿದರು.

ಈ ವಿದ್ಯೆಯಲ್ಲಿ ಬರ್ಡ್‌ಸಾಲ್ ಒಬ್ಬರೇ ಇರಲಿಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ಆಸ್ಕರ್ ಬುನೆಮನ್ ಇದ್ದರು. ನಾಜಿಗಳ ವಿರುದ್ಧ ನಿಂತು ಜರ್ಮನಿಯಲ್ಲಿ ಜೈಲು ಕಂಡು ಇಂಗ್ಲೆಂಡಿಗೆ ಹೋದವರು. ಯುದ್ಧಕಾಲದಲ್ಲಿ ಮ್ಯಾಂಚೆಸ್ಟರಿನಲ್ಲಿ ಹಾರ್ಟ್ರಿ ಅವರ ತಂಡದಲ್ಲಿ, ಇಂದಿನ ಕಂಪ್ಯೂಟರ್ ಹುಟ್ಟುವ ಮೊದಲೇ, ಮ್ಯಾಗ್ನೆಟ್ರಾನಿನೊಳಗಿನ ಎಲೆಕ್ಟ್ರಾನುಗಳ ದಾರಿಯನ್ನು ಕೈಲೆಕ್ಕದಲ್ಲಿ ಬಿಡಿಸಿದವರು. ಪ್ರಿನ್ಸ್‌ಟನ್‌ನಲ್ಲಿ ಜಾನ್ ಡಾಸನ್ ಇದ್ದರು. ನಮ್ಮ ದೇಶಕ್ಕೂ ಇಲ್ಲೊಂದು ಎಳೆ ಇದೆ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯನ್ನು ಕಟ್ಟಿದ ಪ್ರೆಧಿಮನ್ ಕಾವ್ ತಮ್ಮ ಇಪ್ಪತ್ತರ ಹರೆಯದಲ್ಲಿ ಪ್ರಿನ್ಸ್‌ಟನ್‌ಗೆ ಹೋಗಿ ಈ ಡಾಸನ್ ಜತೆ ಕೆಲಸ ಮಾಡಿ, 1971ರಲ್ಲಿ ಹಿಂತಿರುಗಿದವರು. ಆ ಸಂಸ್ಥೆಯ 'ಆದಿತ್ಯ' ಟೋಕಮ್ಯಾಕ್ 1989ರಲ್ಲಿ ಚಾಲೂ ಆಯಿತು.

ತಿರುಗಿ ಲೆಕ್ಕಕ್ಕೆ ಬರೋಣ. ಪ್ಲಾಸ್ಮಾದಲ್ಲಿ ಪ್ರತಿ ಕಣವೂ ಉಳಿದ ಪ್ರತಿ ಕಣವನ್ನು ಎಳೆಯುತ್ತದೆ ಅಥವಾ ತಳ್ಳುತ್ತದೆ. 10,000 ಕಣ ಇದ್ದರೆ ಜೋಡಿಗಳು ಸುಮಾರು 5 ಕೋಟಿ. ಒಂದೊಂದು ಹೆಜ್ಜೆಗೂ 5 ಕೋಟಿ ಲೆಕ್ಕ ಎಂದರೆ ಅಂದಿನ ಯಂತ್ರಗಳಿಗೆ ಆಗುವ ಮಾತಲ್ಲ. ಉಪಾಯ ಹೀಗಿದೆ: ಊರಿನ ಪ್ರತಿಯೊಬ್ಬನೂ ಪ್ರತಿ ಮನೆಗೆ ಹೋಗಿ ಸುದ್ದಿ ಕೇಳುವ ಬದಲು, ತನ್ನ ಓಣಿಯ ಕಟ್ಟೆಗೆ ಬಂದು ತನ್ನ ಸುದ್ದಿ ಹೇಳಿ, ಕಟ್ಟೆಯಲ್ಲಿ ಕೂಡಿದ ಒಟ್ಟು ಸುದ್ದಿಯನ್ನು ಕೇಳಿಕೊಂಡು ಹೋಗುವುದು. ಜಾಗವನ್ನು ಮನೆಮನೆಯಾಗಿ ಗ್ರಿಡ್ ಹಾಕಿ, ಪ್ರತಿ ಕಣ ತನ್ನ ವಿದ್ಯುದಂಶವನ್ನು ಹತ್ತಿರದ ಗ್ರಿಡ್ ಬಿಂದುಗಳಿಗೆ ಒಪ್ಪಿಸುತ್ತದೆ. ಅಲ್ಲಿ ವಿದ್ಯುತ್ ಕ್ಷೇತ್ರದ ಲೆಕ್ಕ ಆಗುತ್ತದೆ. ಅದನ್ನು ಕೇಳಿಕೊಂಡು ಕಣ ಮುಂದಿನ ಹೆಜ್ಜೆ ಇಡುತ್ತದೆ. ಇದನ್ನೇ 'ಪಾರ್ಟಿಕಲ್ ಇನ್ ಸೆಲ್' ಎನ್ನುತ್ತಾರೆ. ಕಣವನ್ನು ಚುಕ್ಕಿ ಎಂದುಕೊಂಡರೆ ಅದು ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಜಿಗಿದಾಗ ಲೆಕ್ಕ ಕುಲುಕುತ್ತದೆ. ಅದಕ್ಕೆ 1969ರಲ್ಲಿ ಬರ್ಡ್‌ಸಾಲ್ ಮತ್ತು ಫಸ್, ಕಣವನ್ನು ಸಣ್ಣ ಮೋಡ ಎಂದುಕೊಂಡು ಅದರ ಅಂಶವನ್ನು ಅಕ್ಕಪಕ್ಕದ ಬಿಂದುಗಳಿಗೆ ಹಂಚುವ ದಾರಿ ತೋರಿಸಿದರು.

ನಾನು ಮೊದಲ ಸಲ ಇಂಥ ಕೋಡನ್ನು ತಿದ್ದಿ ಓಡಿಸಿದಾಗ ಪ್ಲಾಸ್ಮಾ ತಾನಾಗಿಯೇ ಬಿಸಿಯಾಗತೊಡಗಿತು. ಏನೋ ಹೊಸದು ಕಂಡುಹಿಡಿದೆ ಎಂದು ಹಿಗ್ಗಿ ಸರ್ ಬಳಿ ಓಡಿದೆ. ಅವರು ಗ್ರಾಫ್ ನೋಡಿ, "ಗ್ರಿಡ್ ಎಷ್ಟು ಇಟ್ಟೀ?" ಎಂದರು. ಪ್ಲಾಸ್ಮಾಕ್ಕೆ ಡಿಬೈ ಉದ್ದ ಎಂಬ ತನ್ನದೇ ಒಂದು ಅಳತೆ ಇದೆ. ಗ್ರಿಡ್‌ನ ಮನೆ ಅದಕ್ಕಿಂತ ಬಹಳ ದೊಡ್ಡದಾದರೆ ಇಲ್ಲದ ಶಾಖ ಲೆಕ್ಕದಲ್ಲಿ ಹುಟ್ಟುತ್ತದೆ. ಯಾಕೆ ಹೀಗೆ ಎಂದು ಲ್ಯಾಂಗ್ಡನ್ 1970ರಲ್ಲೇ ಬಿಡಿಸಿ ಹೇಳಿದ್ದರು. ನಾನು ಕಂಡದ್ದು ನಿಸರ್ಗವನ್ನಲ್ಲ, ನನ್ನದೇ ತಪ್ಪನ್ನು. "ಕೋಡ್ ಓಡೂದು ಬ್ಯಾರೆ, ಖರೇ ಇರೂದು ಬ್ಯಾರೆ, ತಮ್ಮಾ" ಎಂದರು ಸರ್. ಹತ್ತಕ್ಕೂ ಹೆಚ್ಚು ವರ್ಷದಿಂದ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಇದಕ್ಕಿಂತ ದೊಡ್ಡ ಪಾಠ ಇನ್ನೂ ಸಿಕ್ಕಿಲ್ಲ.

ಈ ಪಾಠ ನನ್ನವರೆಗೆ ಬಂದ ದಾರಿ ನೋಡಿ. ಬರ್ಡ್‌ಸಾಲ್ ಮತ್ತು ಲ್ಯಾಂಗ್ಡನ್ ತಮ್ಮ ಪುಸ್ತಕದಲ್ಲಿ ಬರೀ ಸಿದ್ಧಾಂತ ಬರೆದು ಕೈತೊಳೆದುಕೊಳ್ಳಲಿಲ್ಲ. ಇಎಸ್-1 ಎಂಬ ಪುಟ್ಟ ಕೋಡನ್ನು ಸಾಲು ಸಾಲಾಗಿ ಅಚ್ಚು ಹಾಕಿಸಿ, ಯಾವ ಸಾಲು ಏನು ಮಾಡುತ್ತದೆ, ಯಾವ ಪ್ರಯೋಗ ಮಾಡಿ ನೋಡಬೇಕು, ಎಲ್ಲಿ ಮೋಸ ಹೋಗುತ್ತೀರಿ ಎಂದು ಹೇಳಿಕೊಟ್ಟರು. ಬರ್ಕ್ಲಿಯಲ್ಲಿ ಬರ್ಡ್‌ಸಾಲ್ ಕಟ್ಟಿದ ತಂಡ ಮುಂದೆ ಎಕ್ಸ್‌ಪಿಡಿಪಿ-1, ಎಕ್ಸ್‌ಊಪಿಕ್ ಮುಂತಾದ ಕೋಡುಗಳನ್ನು ಬರೆದು ಕೇಳಿದವರಿಗೆಲ್ಲ ಬಿಟ್ಟುಕೊಟ್ಟಿತು. ಚಿಪ್ ಕೊರೆಯುವ ತಣ್ಣನೆಯ ಪ್ಲಾಸ್ಮಾದಲ್ಲಿ ಎಲೆಕ್ಟ್ರಾನುಗಳು ಅನಿಲದ ಪರಮಾಣುಗಳಿಗೆ ಡಿಕ್ಕಿ ಹೊಡೆಯುತ್ತವೆ. ಆ ಡಿಕ್ಕಿಯನ್ನು ಈ ಲೆಕ್ಕಕ್ಕೆ ಸೇರಿಸುವ ವಿಧಾನವನ್ನು ವಿವರಿಸುವ ಬರ್ಡ್‌ಸಾಲ್ ಅವರ 1991ರ ಪ್ರಬಂಧವನ್ನು ಆ ಕ್ಷೇತ್ರದವರು ಇಂದಿಗೂ ತೆರೆಯುತ್ತಾರೆ. ನಮ್ಮ ಸರ್ ಅವರ ಕೋಡ್ ಹುಟ್ಟಿದ್ದು ಇಎಸ್-1 ಓದಿಯೇ. ಬರ್ಕ್ಲಿಯ ಒಬ್ಬ ಪ್ರಾಧ್ಯಾಪಕರು ಬಿಟ್ಟುಕೊಟ್ಟದ್ದು ಉತ್ತರ ಕರ್ನಾಟಕದ ಒಂದು ಲ್ಯಾಬಿಗೆ ಬಂದು, ಅಲ್ಲಿ ಬೇರು ಬಿಟ್ಟು, ನನ್ನಂಥ ಹುಡುಗನ ಅನ್ನಕ್ಕೆ ದಾರಿಯಾಯಿತು.

ಈಗ ಪ್ರಶ್ನೆ. ಇಂಥ ವೃತ್ತಿಯನ್ನು ಅಳೆಯುವುದು ಹೇಗೆ?

2010ರಲ್ಲಿ ಯುಜಿಸಿ ಅಧ್ಯಾಪಕರಿಗೆ ಎಪಿಐ ಎಂಬ ಅಂಕಪದ್ಧತಿ ತಂದಿತು. ಪ್ರಬಂಧಕ್ಕೆ ಇಷ್ಟು, ಪುಸ್ತಕಕ್ಕೆ ಇಷ್ಟು, ಯೋಜನೆಗೆ ಇಷ್ಟು ಅಂಕ. ಆಮೇಲೆ ತಿದ್ದುಪಡಿಗಳಾದವು, ಆದರೆ ಎಣಿಸುವ ಚಟ ಉಳಿಯಿತು. 2016ರಿಂದ ಬರುತ್ತಿರುವ ಎನ್‌ಐಆರ್‌ಎಫ್ ಶ್ರೇಯಾಂಕದಲ್ಲೂ ಪ್ರಬಂಧ, ಅದರ ಉಲ್ಲೇಖ, ಪೇಟೆಂಟ್, ಯೋಜನೆಯ ಹಣ ಇವಕ್ಕೆ ತೂಕ. ಇವು ಬೇಡ ಎನ್ನುತ್ತಿಲ್ಲ. ಆದರೆ ಎಣಿಸುವುದಕ್ಕೆ ಸುಲಭವಾದದ್ದನ್ನೇ ಎಣಿಸುತ್ತ ಹೋದರೆ ಜನ ಅದನ್ನೇ ಬೆಳೆಯುತ್ತಾರೆ. ಹತ್ತಿಗೆ ಬೆಲೆ ಇದ್ದ ವರ್ಷ ಯಾರೂ ಜೋಳ ಬಿತ್ತುವುದಿಲ್ಲ. ದುಡ್ಡು ಕೊಟ್ಟರೆ ವಾರದಲ್ಲಿ ಪ್ರಬಂಧ ಅಚ್ಚು ಹಾಕುವ ಜರ್ನಲ್‌ಗಳು ನಮ್ಮಲ್ಲಿ ನಾಯಿಕೊಡೆಯಂತೆ ಎದ್ದದ್ದು ಇದರಿಂದಲೇ. ಸರ್ ಅವರ ಪ್ರಮೋಶನ್ ಸಂದರ್ಶನದಲ್ಲಿ ಅವರು ತಮ್ಮ ಕೋಡ್ ಬಗ್ಗೆ ಹೇಳಲು ಹೋದಾಗ, "ಅದನ್ನ ಯಾವ ಕಾಲಂನಾಗ ಹಾಕೂಣ್ರಿ?" ಎಂದು ಕೇಳಿದರಂತೆ. ಕಾಲಂ ಇರಲಿಲ್ಲ. ಆ ಸಲ ಪ್ರಮೋಶನ್ನೂ ಆಗಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಬರ್ಡ್‌ಸಾಲ್ ಅವರಿಗೆ ಪಕ್ಕದಲ್ಲೇ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯ ಇತ್ತು, ದೊಡ್ಡ ಯಂತ್ರಗಳಿದ್ದವು, ಶೀತಲ ಸಮರದ ಕಾಲದ ಸರ್ಕಾರದ ಹಣ ಇತ್ತು. ಅವರು ಪ್ರಬಂಧವನ್ನೂ ಬರೆದರು, ಪೇಟೆಂಟನ್ನೂ ಪಡೆದರು. ಸೆಮಿಸ್ಟರಿಗೆ ನಾಲ್ಕು ವಿಷಯ ಪಾಠ ಮಾಡಿ, ಪರೀಕ್ಷೆ, ಮೌಲ್ಯಮಾಪನ, ನ್ಯಾಕ್ ಫೈಲು ಎಂದು ಓಡಾಡುವ ನಮ್ಮ ಮೇಷ್ಟ್ರನ್ನು ಅವರ ಪಕ್ಕ ನಿಲ್ಲಿಸಿ ಹೋಲಿಸುವುದು ತಪ್ಪು. ಒಪ್ಪುತ್ತೇನೆ. ಆದರೆ ಇಎಸ್-1ರಂಥ ಒಂದು ಆಯಾಮದ ಕೋಡನ್ನು ಇವತ್ತು ಓಡಿಸಲು ಸೂಪರ್ ಕಂಪ್ಯೂಟರ್ ಬೇಡ, ವಿದ್ಯಾರ್ಥಿಯ ಲ್ಯಾಪ್‌ಟಾಪ್ ಸಾಕು. ಒಂದು ಕಾಲಕ್ಕೆ ಹಣ ಇದ್ದವರಿಗೆ ಮಾತ್ರ ಸಾಧ್ಯವಿದ್ದ ವಿದ್ಯೆ ಇದು. ಈಗ ಗದಗಿನ ಹುಡುಗಿಯೂ ಮಾಡಬಹುದು. ಕೊರತೆ ಇರುವುದು ಯಂತ್ರದ್ದಲ್ಲ, ಸಮಯದ್ದು. ಆ ಸಮಯಕ್ಕೆ ಬೆಲೆ ಕೊಡದ ಲೆಕ್ಕಪದ್ಧತಿಯದ್ದು.

ಕೋಡನ್ನು ಅಳೆಯುವುದು ಕಷ್ಟ ಎನ್ನುವವರೂ ಇದ್ದಾರೆ. ಯಾರು ಬೇಕಾದರೂ ನಾಲ್ಕು ಸಾಲು ಬರೆದು 'ಸಾಫ್ಟ್‌ವೇರ್' ಎಂದು ತೋರಿಸಬಹುದು, ನಾಳೆ ಅದೇ ಒಂದು ದಂಧೆ ಆಗಬಹುದು ಎನ್ನುತ್ತಾರೆ. ಆಗಬಹುದು. ಆದರೆ ನಮ್ಮ ಉದ್ಯಮದಲ್ಲಿ ನಾವು ದಿನವೂ ಮಾಡುವ ಕೆಲಸವೇ ಅದು. ಇನ್ನೊಬ್ಬ ಬರೆದ ಕೋಡನ್ನು ತೆರೆದು, ಓಡಿಸಿ, ಬರೆದವನ ಸಹಾಯ ಇಲ್ಲದೆ ಅರ್ಥವಾಗುತ್ತದೆಯೇ ಎಂದು ನೋಡುತ್ತೇವೆ. ಗೊತ್ತಿರುವ ಉತ್ತರ ಕೊಟ್ಟು, ಅದು ಬರುತ್ತದೆಯೇ ಎಂದು ಪರೀಕ್ಷಿಸುತ್ತೇವೆ. ಒಂದು ಮಧ್ಯಾಹ್ನದಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ತಿಳಿಯುತ್ತದೆ. ದುಡ್ಡು ಕೊಟ್ಟು ಅಚ್ಚಾದ ಪ್ರಬಂಧಕ್ಕೆ ಈ ಪರೀಕ್ಷೆಯೂ ಇಲ್ಲ.

ಹಾಗಾಗಿ ನನ್ನ ಬೇಡಿಕೆ ದೊಡ್ಡದಲ್ಲ. ಮೊದಲನೆಯದು, ಅಧ್ಯಾಪಕರ ಬಡ್ತಿಯ ಫೈಲಿನಲ್ಲಿ ಒಂದೇ ಒಂದು ಪುಟ ಸೇರಿಸಲಿ: ನೀವು ಮಾಡಿದ, ಬೇರೆಯವರು ಬಳಸುತ್ತಿರುವ ಉಪಕರಣ ಯಾವುದು? ಕೋಡ್ ಇರಬಹುದು, ಲ್ಯಾಬಿನ ಯಂತ್ರ ಇರಬಹುದು, ದತ್ತಾಂಶ ಇರಬಹುದು. ಬಳಸಿದ ಇಬ್ಬರು ಹೊರಗಿನವರ ಪತ್ರ ಜತೆಗಿರಲಿ. ಎರಡನೆಯದು, ಎಂ.ಟೆಕ್ ಪ್ರಾಜೆಕ್ಟಿನ ಕೋಡ್ ಕಾಲೇಜಿನ ಸರ್ವರಿನಲ್ಲಿ ಉಳಿಯಲಿ, ಮುಂದಿನ ವರ್ಷದ ವಿದ್ಯಾರ್ಥಿ ಸೊನ್ನೆಯಿಂದ ಅಲ್ಲ, ಅಲ್ಲಿಂದ ಶುರು ಮಾಡಲಿ. ಈಗ ಏನಾಗುತ್ತಿದೆ? ಕಪ್ಪು ರಟ್ಟು, ಬಂಗಾರದ ಅಕ್ಷರದ ಥೀಸಿಸ್ ಲೈಬ್ರರಿ ಕಪಾಟಿಗೆ ಹೋಗುತ್ತದೆ, ಕೋಡ್ ಹುಡುಗನ ಪೆನ್ ಡ್ರೈವ್ ಜತೆ ಊರು ಬಿಡುತ್ತದೆ. ಮೂರನೆಯದು ನಮಗೆ, ಊರು ಬಿಟ್ಟವರಿಗೆ. ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ನಮ್ಮವರು ಸಾವಿರಾರು ಜನ ಇದ್ದೇವೆ. ವರ್ಷಕ್ಕೊಮ್ಮೆ ಕಾಲೇಜಿಗೆ ಹೋಗಿ 'ಇಂಡಸ್ಟ್ರಿಯಲ್ಲಿ ಏನು ಬೇಕು' ಎಂದು ಭಾಷಣ ಮಾಡಿ ಬರುತ್ತೇವೆ. ಅದರ ಬದಲು ತಿಂಗಳಿಗೆ ಎರಡು ಗಂಟೆ, ನಮ್ಮ ಗುರುಗಳು ಬರೆದಿಟ್ಟ ಒಂದು ಕೋಡನ್ನು ಬದುಕಿಸಿ ಇಡಬಹುದು.

ಇದು ಬರೀ ಗುರುಭಕ್ತಿಯ ಮಾತಲ್ಲ. ದೇಶ ಈಗ ಚಿಪ್ ಕಾರ್ಖಾನೆ ಕಟ್ಟಲು ಹೊರಟಿದೆ. 2021ರಲ್ಲಿ ಸೆಮಿಕಂಡಕ್ಟರ್ ಮಿಷನ್ ಬಂತು, 2024ರಲ್ಲಿ ಗುಜರಾತಿನ ಧೋಲೇರಾದಲ್ಲಿ ಶಿಲಾನ್ಯಾಸ ಆಯಿತು. ಕಟ್ಟಡ ಎದ್ದ ಮೇಲೆ, ಅದರೊಳಗಿನ ಪ್ಲಾಸ್ಮಾ ಯಾಕೆ ಒಂದು ಅಂಚಿನಲ್ಲಿ ಹೆಚ್ಚು ಕೊರೆಯುತ್ತಿದೆ ಎಂದು ಹೇಳಬಲ್ಲ ಎಂಜಿನಿಯರ್ ಬೇಕು. ಅಂಥವರು ಕೋಚಿಂಗ್ ಕ್ಲಾಸಿನಿಂದ ಬರುವುದಿಲ್ಲ. ಗ್ರಾಫ್ ನೋಡಿ "ಗ್ರಿಡ್ ಎಷ್ಟು ಇಟ್ಟೀ?" ಎಂದು ಕೇಳುವ ಒಬ್ಬ ಮೇಷ್ಟ್ರ ಲ್ಯಾಬಿನಿಂದ ಬರುತ್ತಾರೆ. ನಾನು ಆ ದಾರಿಯಲ್ಲಿ ಮುಂದುವರಿಯಲಿಲ್ಲ. ಪಿಎಚ್‌.ಡಿ. ಮಾಡು ಎಂದು ಸರ್ ಹೇಳಿದ್ದರು. ಮನೆಯ ಸಾಲ, ತಂಗಿಯ ಓದು ಎಂದು ನೌಕರಿಗೆ ಬಂದೆ. ಅದಕ್ಕೆ ಪಶ್ಚಾತ್ತಾಪ ಇಲ್ಲ. ಆದರೆ ಹೋಗುವಾಗ ಬಾಗಿಲು ತೆರೆದಿಟ್ಟು ಹೋಗಬಹುದಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಸರ್ ಅವರನ್ನು ಸ್ಕೂಟರ್‌ವರೆಗೆ ಬಿಡಲು ಹೋದೆ. ಹಣ್ಣಿನ ಬುಟ್ಟಿ ನನ್ನ ಕೈಯಲ್ಲಿತ್ತು. "ಸರ್, ನಮ್ಮ ಕೋಡ್ ಎಲ್ಲಿ ಐತ್ರೀ ಈಗ?" ಎಂದೆ.

"ಲ್ಯಾಬಿನ ಹಳೇ ಮಷಿನ್‌ನಾಗ ಇತ್ತು. ಹ್ವಾದ ವರ್ಷ ಅದು ಸ್ಕ್ರ್ಯಾಪಿಗೆ ಹೋತು." ಬೇಜಾರು ಇತ್ತೋ ಇಲ್ಲವೋ, ದನಿಯಲ್ಲಿ ತಿಳಿಯಲಿಲ್ಲ. "ನನ್ನ ಕಡೆ ಒಂದು ಸೀಡಿ ಇತ್ತು, ಈಗ ಓದಂಗಿಲ್ಲ ಅದು."

ಪುಣೆಗೆ ಬಂದವನೇ ಮಂಚದ ಕೆಳಗಿನ ಟ್ರಂಕು ಎಳೆದೆ. ಥೀಸಿಸ್ ಬರೆಯುವಾಗ ಕೊಂಡಿದ್ದ ಹಳೇ ಹಾರ್ಡ್ ಡಿಸ್ಕ್ ಇನ್ನೂ ಇತ್ತು. ಎರಡು ಸಲ ಹಚ್ಚಿದರೂ ತೆರೆಯಲಿಲ್ಲ, ಮೂರನೇ ಸಲ ತೆರೆಯಿತು. ಫೋರ್ಟ್ರಾನ್ ಫೈಲುಗಳು, ಸರ್ ಬರೆದ ಟಿಪ್ಪಣಿಗಳು, ಹದಿನಾಲ್ಕು ಬ್ಯಾಚಿನ ಹುಡುಗರು ಸೇರಿಸಿದ ಸಾಲುಗಳಲ್ಲಿ ನನ್ನ ಕಾಲದವರೆಗಿನವು ಅಲ್ಲಿದ್ದವು. ನನ್ನ ನಂತರದವರದ್ದು ಹೋದಂತೆಯೇ. ಕಂಪೈಲ್ ಮಾಡಿದರೆ ಹಳೆಯ ಬಗೆಯ ಬರವಣಿಗೆ ಎಂದು ಎಚ್ಚರಿಕೆಗಳು ಸಾಲುಗಟ್ಟಿದವು. ಒಂದೊಂದನ್ನೇ ಸರಿಮಾಡಿದೆ. ರಾತ್ರಿ ಒಂದೂವರೆಗೆ ಓಡಿತು. ಸರ್ ಅವರ ಒಪ್ಪಿಗೆ ಕೇಳಿ, ಅವರ ಹೆಸರಿನಲ್ಲೇ, ಯಾರು ಬೇಕಾದರೂ ತೆಗೆದುಕೊಳ್ಳುವಂತೆ ಇಂಟರ್ನೆಟ್ಟಿಗೆ ಹಾಕಿದ್ದೇನೆ. ಇಬ್ಬರು ಗೆಳೆಯರು ಪರೀಕ್ಷೆಗಳನ್ನು ಬರೆಯುತ್ತಿದ್ದಾರೆ. ಕನ್ನಡದಲ್ಲಿ ಒಂದು ಕೈಪಿಡಿ ಬರೆಯುವುದು ನನ್ನ ಪಾಲಿಗಿದೆ.

ಅವತ್ತೇ ರಾತ್ರಿ ಗ್ರಾಫಿನ ಫೋಟೊ ತೆಗೆದು ಸರ್ ಅವರಿಗೆ ಕಳಿಸಿದ್ದೆ. ಹೊಗಳುತ್ತಾರೆ ಎಂದುಕೊಂಡಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಉತ್ತರ ಬಂದಿತ್ತು: "ಎನರ್ಜಿ ಸ್ವಲ್ಪ ಏರೇತಿ. ಗ್ರಿಡ್ ನೋಡು."